ಮಧ್ಯದಿಂದ ಎಣಿಸಿ, ಆರನೆಯದು

ಎಲ್ಲರಿಗೂ ನಮಸ್ಕಾರ. ಹಲ್ಲಿನ ಡಾಕ್ಟರುಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು ಹೀಗೆ ಒಟ್ಟಿಗೆ ಕೂರುವುದು ಹಾಸನದಲ್ಲಿ ಅಪರೂಪ. ಹುಳುಕು ಹೇಗೆ ಹತ್ತುತ್ತದೆ ಅನ್ನೋದು ನಿಮಗೆ ಗೊತ್ತು. ನಾನು ಬಂದಿರುವುದು ಒಂದು ಮಾತನ್ನು ಈ ಜಿಲ್ಲೆಯಿಂದ ಓಡಿಸಲು. "ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ" ಅನ್ನುವ ಮಾತು.

ಸಕಲೇಶಪುರದ ಕಡೆಯ ಒಬ್ಬ ಅಜ್ಜಿ ಏಳು ವರ್ಷದ ಮೊಮ್ಮಗನನ್ನು ಕರೆತಂದಿದ್ದರು. ಮಗ, ಸೊಸೆ ಇಬ್ಬರಿಗೂ ತೋಟದ ಕೆಲಸ. ಹುಡುಗನ ಜವಾಬ್ದಾರಿ ಅಜ್ಜಿಯದು. ರಾತ್ರಿ ಮಲಗುವ ಮುಂಚೆ ಅವನಿಗೆ ಬೆಲ್ಲದ ಕಾಫಿ ಬೇಕೇ ಬೇಕು. ಕಾಫಿ ಸೀಮೆಯ ಹುಡುಗ, ಇನ್ನೇನು ಕೇಳ್ತಾನೆ ಹೇಳಿ! ಕೆಳದವಡೆಯಲ್ಲಿ ದೊಡ್ಡ ಗುಳಿ. "ಹಾಲುಹಲ್ಲು ಕಣವ್ವ, ಬಿದ್ದೋಗುತ್ತೆ. ನೋವಿಗೆ ಮಾತ್ರೆ ಕೊಡು ಸಾಕು" ಅಂದರು. ಅಜ್ಜಿಯ ಕೈಗೆ ಕನ್ನಡಿ ಕೊಟ್ಟೆ. "ಮಧ್ಯದಿಂದ ಎಣಿಸಿ ಅಜ್ಜಿ." ಒಂದು, ಎರಡು... ಬೆರಳಿಟ್ಟು ಎಣಿಸಿದರು. ಗುಳಿ ಇದ್ದದ್ದು ಆರನೆಯದರಲ್ಲಿ. ಹಾಲುಹಲ್ಲು ಒಂದು ಪಕ್ಕಕ್ಕೆ ಐದೇ. ಆರನೆಯದು ಶಾಶ್ವತ ದವಡೆಹಲ್ಲು. ಆರು ವರ್ಷದ ಆಸುಪಾಸಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸುಮ್ನೆ ಬಂದುಬಿಡುತ್ತದೆ. ಬಿದ್ದ ಹಲ್ಲು ಎಲ್ಲರಿಗೂ ಕಾಣುತ್ತದೆ. ಇದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿ ಮತ್ತೆ ಮೊದಲಿಂದ ಎಣಿಸಿದರು. ಆಮೇಲೆ ಕನ್ನಡಿಯನ್ನು ಹೊರಗೆ ಒಯ್ದು, ಬೆಂಚಿನ ಮೇಲಿದ್ದ ಮಕ್ಕಳ ಬಾಯನ್ನೆಲ್ಲಾ ಎಣಿಸಲು ಶುರುಮಾಡಿದರು!

ಡಾಕ್ಟರುಗಳೇ, ಅಜ್ಜಿಗೆ ಕರಪತ್ರ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಕುರ್ಚಿಯ ಪಕ್ಕ ನಿಂತವರ ಕೈಗೆ ಕನ್ನಡಿ ಕೊಡಿ. ಆರನೇ ಹಲ್ಲಿನ ಗೆರೆಗಳು ಆಳ ಇದ್ದರೆ ಸೀಲೆಂಟ್, ಅಂದರೆ ಆ ಗೆರೆಗಳನ್ನು ಮುಚ್ಚುವ ಲೇಪ, ಹಾಕಿ. ಕೊರೆಯುವ ಕೆಲಸವೇ ಇಲ್ಲ.

ಹಾಲುಹಲ್ಲು ಹಾಳಾದರೆ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು. ಮಗು ಊಟ ಮಾಡುವುದು ಅದರಲ್ಲೇ ಅಲ್ವಾ? ಬೇಗ ಕಿತ್ತರೆ ಪಕ್ಕದ ಹಲ್ಲು ವಾಲಿಕೊಂಡು, ಹೊಸ ಹಲ್ಲಿಗೆ ಜಾಗ ಉಳಿಯುವುದಿಲ್ಲ.

ತಾಯಂದಿರೇ, ಮೊದಲ ಹಲ್ಲು ಕಂಡ ದಿನದಿಂದಲೇ ಉಜ್ಜಿ. ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ಇದೆಯಾ, ಪ್ಯಾಕ್ ಓದಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬಾ ಹಾಕುತ್ತಾರೆ, ಅಷ್ಟು ಬೇಡವೇ ಬೇಡ. ಉಜ್ಜಿದ ಮೇಲೆ ಉಗಿಯಲಿ, ನೀರು ತುಂಬಿ ಮುಕ್ಕಳಿಸುವುದು ಬೇಡ. ಏಳೆಂಟು ವರ್ಷದವರೆಗೆ ನೀವೇ ಉಜ್ಜಿಸಿ. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.

ಟೈಮ್ ಆಯಿತು ಅಂತ ಚೀಟಿ ಬಂತು. ಬಾವಿ, ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯ ಇನ್ನೊಮ್ಮೆ ಮಾತಾಡೋಣ. ಡಾಕ್ಟರುಗಳೇ, ಹಲ್ಲಿನ ಮೇಲೆ ಬಳಿಯುವ ಫ್ಲೋರೈಡ್ ಲೇಪ, ಅಂದರೆ ವಾರ್ನಿಷ್, ವರ್ಷಕ್ಕೆ ಎರಡು ಸಲವಾದರೂ ಹಚ್ಚಿ, ನಿಮಿಷಗಳ ಕೆಲಸ. ತಾಯಂದಿರೇ, ಮೊದಲ ಹುಟ್ಟುಹಬ್ಬದೊಳಗೆ ಮಗುವನ್ನು ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ.

ಕೊನೆಯದಾಗಿ ಅಂಗನವಾಡಿಯವರಿಗೆ. ಮಗುವಿನ ಮೇಲ್ದುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ, ಗುಳಿ ಬಿದ್ದಿಲ್ಲ. ಅಲ್ಲಿಗೇ ನಿಲ್ಲಿಸಬಹುದು, ತಕ್ಷಣ ಕಳಿಸಿ. ಯಾರಾದರೂ ಒಬ್ಬರು ವೇದಿಕೆಗೆ ಬನ್ನಿ, ತುಟಿ ಎತ್ತುವುದು ಹೇಗೆ ಅಂತ ತೋರಿಸುತ್ತೇನೆ.