ಮೆಹರ್ ಮಾಫ್ ಮಾಡುವ ಮುಂಚೆ

ಕೇಳುಗರಿಗೆ ನಮಸ್ಕಾರ, ಸಲಾಂ.

ನಾನು ಬೆಳೆದಿದ್ದು ಕಲಬುರಗಿಯ ಮೋಮಿನಪುರದಲ್ಲಿ. ನಮ್ಮ ಓಣಿಯಲ್ಲಿ ಮದುವೆಯಾದ ಗಂಡಸು ತೀರಿಕೊಂಡರೆ, ಜನಾಜಾ, ಅಂದರೆ ಹೆಣ, ಎತ್ತುವ ಮುಂಚೆ ಹಿರಿಯ ಹೆಂಗಸೊಬ್ಬಳು ಹೆಂಡತಿಯ ಪಕ್ಕ ಬಂದು ಕೂರುತ್ತಿದ್ದಳು. 'ಮೆಹರ್ ಮಾಫ್ ಕರ್ ದೇ, ಬೇಟಿ' ಅನ್ನುತ್ತಿದ್ದಳು. ಮದುವೆಗೆ ಗಂಡ ಹೆಂಡತಿಗೆ ಕೊಡಬೇಕಾದ ಹಣವೇ ಮೆಹರ್; ಅದನ್ನು ಬಿಟ್ಟುಕೊಡು ಮಗಳೇ ಅಂತ ಅರ್ಥ. ಹೆಂಡತಿ ಅಳುತ್ತಲೇ ತಲೆಯಾಡಿಸುತ್ತಿದ್ದಳು. ಗಂಡನ ಹೆಣ ಮುಂದಿರುವಾಗ ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ, ಹೇಳಿ? ನನ್ನ ನಾನಿ, ಅಮ್ಮನ ಅಮ್ಮ, ಅವಳೂ ಹಾಗೇ ತಲೆಯಾಡಿಸಿದವಳು.

ತಲಾಕ್ ಬಗ್ಗೆ ಊರೆಲ್ಲ ಮಾತಾಡುತ್ತೆ. ಒಂದೇ ಉಸಿರಿನ ಮೂರು ತಲಾಕ್ ಅನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದು ಮಾಡಿದ್ದು ಎಲ್ಲರಿಗೂ ಗೊತ್ತು. ಮೆಹರ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲ್ಲ.

ಮೆಹರ್ ವರದಕ್ಷಿಣೆ ಅಲ್ಲ. 1961ರ ವರದಕ್ಷಿಣೆ ಕಾಯ್ದೆಯೇ ಇದನ್ನು ಬೇರೆ ಅಂತ ಬಿಟ್ಟಿದೆ. ಇದು ಗಂಡ ಹೆಂಡತಿಗೆ ಕೊಡಬೇಕಾದದ್ದು, ಅವಳ ಸ್ವಂತ ಹಣ. ಕೊಡದೆ ಸತ್ತರೆ ಅದು ಅವನ ಸಾಲ. ಆಸ್ತಿ ಹಂಚುವ ಮುಂಚೆ ಆ ಸಾಲ ತೀರಬೇಕು. ಆಮೇಲೆ ಮಕ್ಕಳಿದ್ದರೆ ಹೆಂಡತಿಗೆ ಎಂಟರಲ್ಲಿ ಒಂದು ಪಾಲು, ಇಲ್ಲದಿದ್ದರೆ ನಾಲ್ಕರಲ್ಲಿ ಒಂದು. ಹೆಂಡತಿ ಸತ್ತರೆ ಗಂಡನಿಗೆ ಇದರ ಎರಡರಷ್ಟು ಸಿಗುತ್ತೆ. ನನಗೆ ಇದು ಸರಿ ಅನಿಸುವುದಿಲ್ಲ. ಆದರೆ ಇರುವ ಹಕ್ಕನ್ನೇ ನಾವು ಕೈಬಿಡುತ್ತಿದ್ದೇವಲ್ಲ, ನನ್ನ ಸಂಕಟ ಅದು.

ಮೆಹರ್ ಕೇಳಿದರೆ ದೀನ್‌ಗೆ, ಅಂದರೆ ಧರ್ಮಕ್ಕೆ, ವಿರುದ್ಧ ಅಂತ ಹೆದರಿಸುವವರಿದ್ದಾರೆ. ಕುರಾನಿನ ನಿಸಾ ಅಧ್ಯಾಯ ತೆಗೆದು ನೋಡಿ. ಮೆಹರ್ ಖುಷಿಯಿಂದ ಕೊಡಿ ಅಂತಲೇ ಇದೆ. ಅವಳಾಗಿಯೇ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ನೀವು ಬಳಸಬಹುದು. ಹೆಣದ ಮುಂದೆ ಹೇಳಿಸಿದ್ದು ಮನಸಾರೆ ಆಯಿತಾ? 1920ರಲ್ಲೇ ಕಲ್ಕತ್ತಾ ಹೈಕೋರ್ಟ್ ಆಗಲ್ಲ ಅಂದಿದೆ. ಗಂಡ ಸತ್ತ ದುಃಖದಲ್ಲಿ ಮಾಡಿದ ಮಾಫಿಗೆ ಹೆಂಡತಿ ಕಟ್ಟುಬೀಳಬೇಕಿಲ್ಲ. ನನ್ನ ಧರ್ಮ ಪಾಲಿಸುವ ಹಕ್ಕು ಸಂವಿಧಾನ ನನಗೂ ಕೊಟ್ಟಿದೆ. ಮೆಹರ್ ಕೇಳುವುದೂ ಆ ಪಾಲನೆಯೇ.

ಮದುವೆ ಗೊತ್ತಾದ ಹುಡುಗಿಯರೇ, 'ಕಬೂಲ್', ಅಂದರೆ ಒಪ್ಪಿದೆ, ಅನ್ನುವ ಮುಂಚೆ ಮದುವೆಯ ಕರಾರುಪತ್ರವಾದ ನಿಕಾಹ್‌ನಾಮಾ ಓದಿ. ಓದೋಕೆ ಬರದಿದ್ದರೆ ಓದಿಸಿಕೊಳ್ಳಿ. ಅವತ್ತೇ ಎಷ್ಟು ಕೊಡ್ತಾರೆ, ಬಾಕಿ ಎಷ್ಟು ಅಂತ ಕೇಳಿ. ಬಾಕಿಯನ್ನು ರೂಪಾಯಿಗಿಂತ ತೊಲ ಬಂಗಾರದಲ್ಲಿ ಬರೆಸಿದರೆ ಒಳ್ಳೆಯದು. ರೂಪಾಯಿಯ ಬೆಲೆ ಇಪ್ಪತ್ತು ವರ್ಷದಲ್ಲಿ ಕರಗಿ ಹೋಗುತ್ತೆ, ಅಲ್ವಾ? ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ.

ನನ್ನ ನಾನಿಯ ನಿಕಾಹ್‌ನಾಮಾ ನಮ್ಮಲ್ಲಿ ಯಾರೂ ನೋಡಿಲ್ಲ. ತಾನು ಎಷ್ಟು ಮಾಫ್ ಮಾಡಿದೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ.