ಗಾಳಿಯೆಮ್ಮೆ: ಲೆಕ್ಕ ಹಾಕಿ ಕಟ್ಟಿದ ಅನ್ಯಗ್ರಹದ ಪ್ರಾಣಿ

[ಪರದೆ: ಹಸಿರು ಚರ್ಮ, ದೊಡ್ಡ ಕಣ್ಣಿನ ‘ಏಲಿಯನ್’ ಚಿತ್ರ. ಮೇಲೆ ಕೆಂಪು ಅಡ್ಡಗೀಟು.]

ನಮಸ್ಕಾರ. ಎರಡು ಕೈ, ಎರಡು ಕಾಲು, ಮುಖದಲ್ಲಿ ಎರಡು ಕಣ್ಣು, ಹಸಿರು ಚರ್ಮ. ಇದು ಬಣ್ಣ ಬಳಿದುಕೊಂಡ ಮನುಷ್ಯ, ಅಷ್ಟೇ. ಕಥೆಗೆ ಅನ್ಯಗ್ರಹದ ಪ್ರಾಣಿ ಬೇಕೆಂದಾಗ ಬಹಳ ಜನ ಮೊದಲು ಮುಖ ಬರೆಯುತ್ತಾರೆ, ಆಮೇಲೆ ಅದಕ್ಕೊಂದು ಊರು ಹುಡುಕುತ್ತಾರೆ. ಇವತ್ತು ಊರು ಮೊದಲು. ಹುಲ್ಲು ಮೇಯುವ ಒಂದೇ ಒಂದು ಪ್ರಾಣಿಯನ್ನು ಕ್ಯಾಲ್ಕುಲೇಟರ್ ಹಿಡಿದು ಕಟ್ಟೋಣ.

[ಪರದೆ: ಅರ್ಧ ಬೆಳಕು, ಅರ್ಧ ಕತ್ತಲೆಯ ಗ್ರಹ. ಪಕ್ಕದಲ್ಲಿ ಸಂಖ್ಯೆಗಳು ಒಂದೊಂದಾಗಿ.]

ಗ್ರಹದ ದ್ರವ್ಯರಾಶಿ ಭೂಮಿಯ 2.5 ಪಟ್ಟು, ತ್ರಿಜ್ಯ 1.25 ಪಟ್ಟು. ದ್ರವ್ಯರಾಶಿಯನ್ನು ತ್ರಿಜ್ಯದ ವರ್ಗದಿಂದ ಭಾಗಿಸಿದರೆ ಗುರುತ್ವ ಸಿಗುತ್ತದೆ: ಭೂಮಿಯ 1.6 ಪಟ್ಟು. ಗಾಳಿಯ ಒತ್ತಡ 3 ಬಾರ್ (ಭೂಮಿಯಲ್ಲಿ ಸುಮಾರು 1), ಅದರಲ್ಲಿ ಶೇ. 10 ಆಮ್ಲಜನಕ, ಉಳಿದದ್ದು ಹೆಚ್ಚೂಕಡಿಮೆ ಸಾರಜನಕ. ಆಕಾಶದಲ್ಲಿ 3,000 ಕೆಲ್ವಿನ್ ತಾಪದ ಕೆಂಪು ಕುಬ್ಜ, ಅಂದರೆ ಸೂರ್ಯನಿಗಿಂತ ಚಿಕ್ಕ, ತಂಪಾದ ನಕ್ಷತ್ರ; ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟೌರಿಯ ಜಾತಿಯದು. ಅದನ್ನು ಸುತ್ತುವ, 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ಗ್ರಹಕ್ಕೆ ವರ್ಷವೆಂದರೆ 11.2 ದಿನ. ಇಷ್ಟು ಹತ್ತಿರ ಸುತ್ತುವ ಗ್ರಹ, ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ, ನಕ್ಷತ್ರಕ್ಕೆ ಒಂದೇ ಮುಖ ಕೊಟ್ಟು ನಿಂತಿರುವ ಸಾಧ್ಯತೆ ಹೆಚ್ಚು. ನಮ್ಮದೂ ಹಾಗೇ ಇರಲಿ. ಒಂದು ಕಡೆ ಮುಗಿಯದ ಹಗಲು, ಇನ್ನೊಂದು ಕಡೆ ಮುಗಿಯದ ರಾತ್ರಿ, ನಡುವೆ ಮುಸ್ಸಂಜೆಯ ಪಟ್ಟಿ. ನಮ್ಮ ಪ್ರಾಣಿಯ ಮನೆ ಆ ಪಟ್ಟಿಯಲ್ಲಿ. ಅಲ್ಲಿ ಸೂರ್ಯ ದಿಗಂತಕ್ಕೆ ಮೊಳೆ ಹೊಡೆದಂತೆ ಇದ್ದಲ್ಲೇ ಇರುತ್ತಾನೆ, ನಮ್ಮ ಸೂರ್ಯನ ಮೂರು ಪಟ್ಟು ದೊಡ್ಡದಾಗಿ ಕಾಣುತ್ತಾನೆ.

ಶೇ. 10 ಆಮ್ಲಜನಕ ಸಾಕಾ? ಉಸಿರಾಟಕ್ಕೆ ಬೇಕಾದ ಲೆಕ್ಕ ಶೇಕಡಾವಾರಿನದಲ್ಲ, ಆಂಶಿಕ ಒತ್ತಡದ್ದು, ಅಂದರೆ ಒಟ್ಟು ಒತ್ತಡದಲ್ಲಿ ಆಮ್ಲಜನಕದ ಪಾಲಿನದು. 3 ಬಾರ್‌ನಲ್ಲಿ ಶೇ. 10 ಎಂದರೆ 0.3 ಬಾರ್, ನಮಗೆ ಸಿಗುವುದು 0.21. ಹಾಗಾಗಿ ಉಸಿರಿಗೆ ಧಾರಾಳ. ಬೆಂಕಿಯ ವಿಷಯ ಮಾತ್ರ ಬೇರೆ. ಸುತ್ತಲಿನ ಸಾರಜನಕ ಬಿಸಿಯನ್ನು ಹೀರಿಕೊಳ್ಳುವುದರಿಂದ ಬೆಂಕಿ ಬಹುಮಟ್ಟಿಗೆ ಶೇಕಡಾವಾರಿನ ಮಾತನ್ನೇ ಕೇಳುತ್ತದೆ. ಈ ಗ್ರಹದಲ್ಲಿ ಸೌದೆ ಹೊತ್ತಿಕೊಳ್ಳುವುದೇ ಕಷ್ಟ. ಮುಂದೆ ಇಲ್ಲಿ ಬುದ್ಧಿವಂತ ಜೀವಿಯನ್ನು ತರುವ ಯೋಚನೆ ಇದ್ದರೆ ಈಗಲೇ ಗುರುತು ಹಾಕಿಕೊಳ್ಳಿ: ಕುಲುಮೆ ಇಲ್ಲ, ಸುಟ್ಟ ಮಡಕೆ ಇಲ್ಲ.

ಈಗ ತೂಕ. ಉದ್ದ ಎರಡು ಪಟ್ಟಾದರೆ ಮೂಳೆಯ ಅಡ್ಡಕೊಯ್ತ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿಟ್ಟಿದ್ದ. ಗುರುತ್ವ 1.6 ಪಟ್ಟಾದಾಗ ಅದೇ ಆಕಾರ, ಅದೇ ಮೂಳೆ ಉಳಿಯಬೇಕೆಂದರೆ ಉದ್ದವನ್ನು 1.6ರಿಂದ ಭಾಗಿಸಬೇಕು, ದ್ರವ್ಯರಾಶಿಯನ್ನು 1.6ರ ಘನದಿಂದ. 500 ಕೆಜಿಯ ಎಮ್ಮೆ ಅಲ್ಲಿ ಸುಮಾರು 122 ಕೆಜಿಗೆ ಇಳಿಯುತ್ತದೆ. ಗಾತ್ರ ಬಿಟ್ಟುಕೊಡಲು ಮನಸ್ಸಿಲ್ಲವೇ? ಕಾಲಿನ ಮೂಳೆಯ ದಪ್ಪ ಶೇ. 26ರಷ್ಟು ಹೆಚ್ಚಿಸಿ, ಆ ಮೂಳೆಯ ತೂಕ ಹೊರಲು ಮತ್ತಷ್ಟು ಸ್ನಾಯು ಸೇರಿಸಿ. ನಾವು ಚಿಕ್ಕದನ್ನೇ ಆರಿಸೋಣ.

ಕಾಲು ಎಷ್ಟು? ಒಂದು ಮೀಟರ್ ಎತ್ತರದಿಂದ ಬೀಳಲು ಭೂಮಿಯಲ್ಲಿ 0.45 ಸೆಕೆಂಡ್ ಬೇಕು, ಇಲ್ಲಿ 0.36. ಎಡವಿದ ಮೇಲೆ ಸಾವರಿಸಿಕೊಳ್ಳಲು ಸಿಗುವ ಸಮಯ ಐದರಲ್ಲಿ ಒಂದು ಭಾಗ ಕಡಿಮೆ. ಆದ್ದರಿಂದ ಆರು ಕಾಲು, ಇರುವೆಯ ನಡಿಗೆ: ಮೂರು ಯಾವಾಗಲೂ ನೆಲದ ಮೇಲೆ, ಮೂರು ಗಾಳಿಯಲ್ಲಿ.

ಆದರೆ ಆರು ಕಾಲು ಕೊಟ್ಟ ಕ್ಷಣವೇ ಒಂದು ಸಾಲ ತಲೆ ಮೇಲೆ ಬರುತ್ತದೆ. ಭೂಮಿಯ ಕಪ್ಪೆ, ಹಕ್ಕಿ, ದನ, ಮನುಷ್ಯ ಎಲ್ಲಕ್ಕೂ ನಾಲ್ಕೇ ಅಂಗ, ಏಕೆಂದರೆ ನಮ್ಮೆಲ್ಲರ ಮೂಲ ಒಂದೇ ಬಗೆಯ ಮೀನು. ನಿಮ್ಮ ಗ್ರಹದ ಎಮ್ಮೆಗೆ ಆರಾದರೆ ಅದನ್ನು ಹಿಡಿಯುವ ಬೇಟೆಗಾರನಿಗೂ ಆರು, ಮೇಲೆ ಹಾರುವ ಹಕ್ಕಿಗೂ ಎರಡು ರೆಕ್ಕೆ, ನಾಲ್ಕು ಕಾಲು. ಒಂದಕ್ಕೆ ಆರು, ಪಕ್ಕದ್ದಕ್ಕೆ ನಾಲ್ಕು ಎಂದು ಬರೆದರೆ ಆ ಎರಡು ಕಾಲು ಎಲ್ಲಿ ಹೋದವು ಎಂದು ಹೇಳಬೇಕಾಗುತ್ತದೆ. ಕಾಲು ಕಳೆದುಕೊಳ್ಳದೆ ತೇಲುವ ದಾರಿಯೂ ಇದೆ. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಸಿಗುವ ಹಾರುವ ಓತಿಯನ್ನು ನೋಡಿ: ಅದರ ‘ರೆಕ್ಕೆ’ ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ.

ಹಾರಾಟದ ಮಾತು ಬಂತು. ಭಾರದ ಗ್ರಹದಲ್ಲಿ ಹಕ್ಕಿ ಇರಲಾರದು ಎಂದು ಬರೆಯುವವರಿದ್ದಾರೆ. ತೂಕ 1.6 ಪಟ್ಟು ಸರಿ, ಆದರೆ ಗಾಳಿಯ ಸಾಂದ್ರತೆ ಮೂರು ಪಟ್ಟು. ಅದೇ ದೇಹ, ಅದೇ ವೇಗಕ್ಕೆ ಬೇಕಾದ ರೆಕ್ಕೆಯ ವಿಸ್ತೀರ್ಣ ಭೂಮಿಯಲ್ಲಿ ಬೇಕಾದುದರ ಅರ್ಧಕ್ಕಿಂತ ಚೂರು ಹೆಚ್ಚು. ನೆಲದ ಮೇಲೆ ಕುಗ್ಗಿದ ಗ್ರಹ, ಆಕಾಶದಲ್ಲಿ ಉದಾರಿ!

[ಪರದೆ: ಜಿರಾಫೆಯ ಕತ್ತಿನ ರಕ್ತನಾಳದ ಚಿತ್ರ]

ಕತ್ತು ಉದ್ದ ಮಾಡುವ ಆಸೆ ಬಿಡಿ. ರಕ್ತವನ್ನು ಒಂದು ಮೀಟರ್ ಮೇಲಕ್ಕೆ ಎತ್ತಲು ಭೂಮಿಯಲ್ಲಿ ಸುಮಾರು 78 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೇಕು, ಇಲ್ಲಿ 125. ಅಂದರೆ ಡಾಕ್ಟರು ‘ನಾರ್ಮಲ್’ ಎನ್ನುವ 120ರ ಬಿಪಿ ಅಷ್ಟಕ್ಕೇ ಖರ್ಚು. ಹೃದಯ, ಮೆದುಳು ಒಂದೇ ಮಟ್ಟದಲ್ಲಿರಲಿ. ಅಗಲ ದೇಹ, ತಗ್ಗು ಬೆನ್ನು.

ಈ ಗ್ರಹದ ಸ್ವಾರಸ್ಯ ಇರುವುದು ಗಾಳಿಯಲ್ಲಿ. ಹವಾಮಾನ ಮಾದರಿಗಳ ಪ್ರಕಾರ ಇಂಥ ಗ್ರಹದಲ್ಲಿ ಹಗಲಿನ ಬದಿಯ ಗಾಳಿ ಕಾದು ಮೇಲೇರುತ್ತದೆ, ಆ ಜಾಗಕ್ಕೆ ರಾತ್ರಿಯ ಬದಿಯ ತಣ್ಣನೆ ಗಾಳಿ ನೆಲಕ್ಕಂಟಿಕೊಂಡು ಹರಿದುಬರುತ್ತದೆ. ಮುಸ್ಸಂಜೆಯ ಪಟ್ಟಿಯಲ್ಲಿ ಗಾಳಿಗೆ ಬಹುತೇಕ ಒಂದೇ ದಿಕ್ಕು: ಕತ್ತಲಿನಿಂದ ಬೆಳಕಿನ ಕಡೆಗೆ. ಹಾಗಿದ್ದರೆ ಬೇಟೆಗಾರ ಯಾವ ಕಡೆಯಿಂದ ಬರುತ್ತಾನೆ? ತನ್ನ ವಾಸನೆ ಸಿಗದಂತೆ, ಗಾಳಿ ಹೋಗುವ ಕಡೆಯಿಂದ. ಅಂದರೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು. ಕಣ್ಣು ಕುಕ್ಕುವ ಬೆಳಕಿನ ನಡುವೆ ಕಪ್ಪು ಚುಕ್ಕೆಯಂತೆ ಬರುವ ಅವನನ್ನು ಎಮ್ಮೆ ಗುರುತಿಸಬೇಕು. ಹಾಗಾಗಿ ಕಣ್ಣಿನ ಮೇಲೆ ಟೋಪಿಯ ಅಂಚಿನಂಥ ದಪ್ಪ ಹುಬ್ಬು, ಪಾಪೆ ಅಡ್ಡ ಸೀಳು.

ಹಿಂಬದಿಯಿಂದ ಬರುವ ವಾಸನೆ, ಗಾಳಿಯ ಅಲುಗಾಟ ಹಿಡಿಯಲು ಬಾಲದ ತುದಿಯಲ್ಲೇ ಒಂದು ಜೊತೆ ಮೀಸೆ. ಅತಿಯಾಯ್ತು ಅನ್ನಿಸಿದರೆ ಅಡುಗೆಮನೆಯ ಜಿರಳೆಯನ್ನು ನೋಡಿ. ಅದರ ಹಿಂತುದಿಯ ಎರಡು ಪುಟ್ಟ ಕಡ್ಡಿಗಳು ಗಾಳಿಯ ಸಣ್ಣ ಅಲುಗಾಟವನ್ನೂ ಹಿಡಿಯುತ್ತವೆ. ಚಪ್ಪಲಿ ಬೀಳುವಷ್ಟರಲ್ಲಿ ಅದು ಒಲೆ ಕೆಳಗೆ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. 3,000 ಕೆಲ್ವಿನ್ ನಕ್ಷತ್ರದ ಬೆಳಕು ಅತಿ ಹೆಚ್ಚಿರುವುದು 966 ನ್ಯಾನೋಮೀಟರ್ ತರಂಗದ ಸುತ್ತ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ. ‘ಹಾಗಾದರೆ ಕಣ್ಣೂ ಇನ್‌ಫ್ರಾರೆಡ್’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಕಣ್ಣಿನ ವರ್ಣದ್ರವ್ಯ ಉದ್ದ ತರಂಗಗಳ ಕಡೆ ಸರಿದಷ್ಟೂ ದೇಹದ ಬಿಸಿಯೇ ಅದನ್ನು ಕೆರಳಿಸಿ ಸುಳ್ಳು ಸಂಕೇತ ಹುಟ್ಟಿಸುತ್ತದೆ. ಮಲಬಾರ್ ಪಿಟ್ ವೈಪರ್ ಹಾವು ಬಿಸಿಯನ್ನು ‘ನೋಡುವುದು’ ಕಣ್ಣಿನಿಂದಲ್ಲ, ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವಿನ ಗುಳಿಯಿಂದ. ನಮ್ಮ ಎಮ್ಮೆಗೆ ಕಡುಗೆಂಪಿನಿಂದ ಸ್ವಲ್ಪವೇ ಆಚೆಗೆ ಕಾಣಲಿ, ದೇಹ ತಣ್ಣಗಿರಲಿ.

ತಣ್ಣಗಿದ್ದರೆ ಹೊಟ್ಟೆಗೂ ಒಳ್ಳೆಯದು. ದೇಹದ ತೂಕದಿಂದ ಶಕ್ತಿಯ ಖರ್ಚು ಅಂದಾಜಿಸುವ ಕ್ಲೈಬರ್ ಸೂತ್ರದ ಪ್ರಕಾರ 122 ಕೆಜಿಯ ಸಸ್ತನಿಗೆ ಸುಮ್ಮನೆ ಮಲಗಿರಲೂ ದಿನಕ್ಕೆ ಸುಮಾರು 2,570 ಕಿಲೋಕ್ಯಾಲರಿ ಬೇಕು. ಅಷ್ಟೇ ತೂಕದ ಶೀತರಕ್ತ ಪ್ರಾಣಿಗೆ ಅದರ ಹತ್ತನೇ ಒಂದು ಭಾಗದಷ್ಟು. ಓರೆ ಬಿಸಿಲಿನಲ್ಲಿ ಬೆಳೆಯುವ ಬಡ ಹುಲ್ಲಿಗೆ ಇದೇ ಹೊಂದುತ್ತದೆ. ಬೇಟೆಗಾರರ ಸಂಖ್ಯೆಯನ್ನೂ ಹಿಡಿತದಲ್ಲಿಡಿ. ಭೂಮಿಯ ಮಾಂಸಾಹಾರಿ ಸಸ್ತನಿಗಳಲ್ಲಿ ಸುಮಾರು 90 ಕೆಜಿ ಬೇಟೆಗಾರನಿಗೆ 10,000 ಕೆಜಿ ಬೇಟೆಯ ಪ್ರಾಣಿಗಳು ಬೇಕು. ಆ ಲೆಕ್ಕದಲ್ಲಿ ಒಬ್ಬ ಬಿಸಿರಕ್ತದ ಬೇಟೆಗಾರನ ಹಿಂದೆ 82 ಎಮ್ಮೆ. ಪ್ರತಿ ಬಂಡೆಯ ಹಿಂದೆ ಒಂದೊಂದು ರಾಕ್ಷಸ ಕೂತಿದ್ದರೆ ಅವರೆಲ್ಲ ಕಥೆ ಶುರುವಾಗುವ ಮೊದಲೇ ಹಸಿದು ಸತ್ತಿರುತ್ತಾರೆ.

ದೈತ್ಯ ಜೇಡ ಬೇಕೆನ್ನುವವರಿಗೆ: ನಮ್ಮಲ್ಲಿ ನೆಲದ ಮೇಲಿನ ಅತಿ ದೊಡ್ಡ ಸಂಧಿಪದಿ (ಜೇಡ, ಏಡಿ, ಕೀಟಗಳಂಥ ಕೀಲುಗಾಲಿನ ಪ್ರಾಣಿ) ತೆಂಗಿನ ಏಡಿ, ತೂಕ 4 ಕೆಜಿಯ ಆಸುಪಾಸು. ನೀರೇ ದೇಹದ ಭಾರ ಹೊರುವ ಕಡಲಲ್ಲಿ ಜಪಾನಿನ ಜೇಡ ಏಡಿಯ ಕಾಲುಗಳ ಹರವು 3.7 ಮೀಟರ್ ಮುಟ್ಟುತ್ತದೆ. ಪೊರೆ ಕಳಚಿ ಮೆತ್ತಗಾದ ದೇಹವನ್ನು ನೆಲದ ಮೇಲೆ, ಅದೂ 1.6 ಪಟ್ಟು ಗುರುತ್ವದಲ್ಲಿ, ಯಾರು ಎತ್ತಿ ಹಿಡಿಯುತ್ತಾರೆ? ಅದನ್ನು ಸಮುದ್ರಕ್ಕೆ ಬಿಡಿ.

[ಪರದೆ: ಮುಗಿದ ಚಿತ್ರ. ತಗ್ಗು ದೇಹ, ಆರು ಕಾಲು, ದಪ್ಪ ಹುಬ್ಬು, ಬಾಲದಲ್ಲಿ ಮೀಸೆ.]

ಕೊನೆಗೆ ಹೆಸರು. ಬಾಯಿ ತಿರುಗದ ಹೆಸರೇ ಅನ್ಯಗ್ರಹದ ಗುರುತು ಎಂಬ ರೂಢಿ ಬಂದುಬಿಟ್ಟಿದೆ. ಅಲ್ಲಿಗೆ ಹೋಗಿ ನೆಲೆಸಿದವರು ಕನ್ನಡದವರಾದರೆ ಹಾಗೆ ಕರೆಯುವುದಿಲ್ಲ. ಚಿಪ್ಪುಹಂದಿ ಹಂದಿಯಲ್ಲ, ನೀರುನಾಯಿ ನಾಯಿಯಲ್ಲ, ಹಾರುಬೆಕ್ಕು ಬೆಕ್ಕಲ್ಲ. ಗಾಳಿಗೆ ಬೆನ್ನು ಕೊಟ್ಟು ಮೇಯುತ್ತಿರುವ ಇದನ್ನು ಮೊದಲು ಕಂಡವನು ಪಕ್ಕದವನಿಗೆ ಹೇಳುವುದು ಒಂದೇ ಮಾತು: ‘ನೋಡೋ, ಗಾಳಿಯೆಮ್ಮೆ.’