ಹತ್ತುಮೀನು ಏರುವ ಹೊತ್ತಲ್ಲಿ ಬೇರುಹುಳದ ಔಷಧಿ ಬೇಡ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕಾರವಾರದಿಂದ ಭಟ್ಕಳದವರೆಗೆ ಯಾಂತ್ರಿಕ ದೋಣಿಗಳು ದಡ ಬಿಡುವುದಿಲ್ಲ. ಮೀನು ಮರಿ ಮಾಡುವ ಕಾಲ, ಆಗ ಆ ದೋಣಿಗಳು ಬಲೆ ಹಾಕಬಾರದು ಅಂತ ಕಾನೂನೇ ಇದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಹಳ್ಳಗಳಲ್ಲೂ ಮೀನು ಮರಿ ಮಾಡುವುದು ಇದೇ ಮಳೆಯಲ್ಲಿ. ಆ ನೀರಿಗೆ ಕೀಟನಾಶಕ ಇಳಿಯದ ಹಾಗೆ ನೋಡಿಕೊಳ್ಳಲು ನಾವು ಒಂದು ವಾರವನ್ನೂ ಬಿಟ್ಟುಕೊಟ್ಟಿಲ್ಲ.

ಮೊದಲ ದೊಡ್ಡ ಮಳೆಗೆ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರುತ್ತದೆ. ಹುಲ್ಲು ಮುಳುಗಿದ ತೆಳುನೀರಿನಲ್ಲಿ ಮೊಟ್ಟೆ ಇಡುತ್ತದೆ. ಅದೇ ಹೊತ್ತಿಗೆ ಅಡಿಕೆ ತೋಟದಲ್ಲಿ ಬೇರುಹುಳಕ್ಕೆಂದು ಮರದ ಬುಡಕ್ಕೆ ಕ್ಲೋರ್‌ಪೈರಿಫಾಸ್ ಹೊಯ್ಯುವ ವಾಡಿಕೆ. ನಮ್ಮ ತೋಟಗಳಿರುವುದು ಕಣಿವೆಯ ತಳದಲ್ಲಿ. ಬಸಿಗಾಲುವೆಯ ನೀರು ಹಳ್ಳಕ್ಕೆ, ಅಲ್ಲಿಂದ ಅಘನಾಶಿನಿಗೋ ಶಾಲ್ಮಲೆಗೋ ವರದೆಗೋ ಸೇರುತ್ತದೆ. ಮೊಟ್ಟೆಯೂ ಔಷಧಿಯೂ ಒಂದೇ ವಾರ, ಒಂದೇ ನೀರಿನಲ್ಲಿ.

"ಪ್ರತಿ ವರ್ಷ ಹೊಡೀತೇವೆ, ಒಂದು ಮೀನೂ ಸತ್ತು ತೇಲಿದ್ದು ಕಂಡಿಲ್ಲ" ಅನ್ನುವವರಿದ್ದಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಸಾಯುವುದು ತಾಯಿ ಮೀನಲ್ಲ. ಐದು ಮಿಲಿಮೀಟರಿನ, ಗಾಜಿನಂಥ ಮರಿ ಸತ್ತರೆ ಕೆಸರಿನಲ್ಲಿ ಯಾರಿಗೆ ಕಾಣಬೇಕು?

ರೋಹು, ಕಾಟ್ಲಾ ಮೊಟ್ಟೆ 28 ಡಿಗ್ರಿ ಆಸುಪಾಸಿನ ನೀರಿನಲ್ಲಿ 14ರಿಂದ 20 ಗಂಟೆಗೆ ಒಡೆಯುತ್ತದೆ. ಬೆನ್ನಿನ ಎಳೆ, ಮಿದುಳು, ಹೃದಯ ಎಲ್ಲ ಅಷ್ಟರಲ್ಲೇ ರೂಪುಗೊಳ್ಳಬೇಕು. ಮೊಟ್ಟೆಯ ಹೊರಪೊರೆ ಸ್ವಲ್ಪ ಕಾಪಾಡುತ್ತದೆ. ಒಡೆದು ಹೊರಬಂದ ಮರಿಗೆ ಆ ರಕ್ಷಣೆಯೂ ಇಲ್ಲ. ಕ್ಲೋರ್‌ಪೈರಿಫಾಸ್ ನರದ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸ್ನಾಯು ಬಿಗಿದದ್ದು ಸಡಿಲವಾಗುವುದಿಲ್ಲ, ಎಳೆಯ ಬೆನ್ನು ಬಾಗುತ್ತದೆ. ಹೃದಯದ ಸುತ್ತ, ಮರಿಯ ಮೊದಲ ಆಹಾರವಿರುವ ಹಳದಿ ಚೀಲದ ಸುತ್ತ ನೀರು ತುಂಬಿಕೊಳ್ಳುತ್ತದೆ. ಗಾಳಿಚೀಲ ಉಬ್ಬದ ಮರಿ ನೀರಿನಲ್ಲಿ ಸರಿಯಾಗಿ ತೇಲಲಾರದು. ಗದ್ದೆಗೆ ಹೊಡೆಯುವ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್ ಕೆಲಸ ಮಾಡುವ ದಾರಿ ಬೇರೆ, ಅವು ನರದ ಸೋಡಿಯಂ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ನಮ್ಮ ದೇಹ ಈ ಗುಂಪಿನ ವಿಷವನ್ನು ಬೇಗ ಒಡೆದು ಹಾಕುತ್ತದೆ, ಮೀನಿಗೆ ಆ ಶಕ್ತಿ ತೀರಾ ಕಡಿಮೆ.

ಹಾಗಾದರೆ ಪರೀಕ್ಷೆ ಮಾಡಿಯೇ ಮಾರುತ್ತಾರಲ್ಲ? ಮೀನಿನ ಭ್ರೂಣದ ಮೇಲೆ ವಿಷ ಪರೀಕ್ಷಿಸುವ ಅಂತಾರಾಷ್ಟ್ರೀಯ ವಿಧಾನವೊಂದು 2013ರಲ್ಲಿ ಬಂತು. ನಮ್ಮ ದೇಶದ ನೀರಿನದೇ ಆದ ಜೀಬ್ರಾ ಮೀನಿನ 20 ಮೊಟ್ಟೆಗಳನ್ನು ಪ್ರತಿ ಪ್ರಮಾಣದ ದ್ರಾವಣದಲ್ಲೂ ಇಟ್ಟು 96 ಗಂಟೆ ನೋಡುತ್ತಾರೆ. ಮೊಟ್ಟೆ ಹೆಪ್ಪುಗಟ್ಟಿತೇ, ಬೆನ್ನಿನ ಖಂಡಗಳು ಮೂಡಲಿಲ್ಲವೇ, ಬಾಲ ಹಳದಿಯಿಂದ ಬಿಡಲಿಲ್ಲವೇ, ಹೃದಯ ಬಡಿಯುತ್ತಿಲ್ಲವೇ. ಈ ನಾಲ್ಕರಲ್ಲಿ ಒಂದೂ ಇಲ್ಲದಿದ್ದರೆ ಮರಿ ಬದುಕಿದೆ ಎಂದೇ ಲೆಕ್ಕ. ಬೆನ್ನು ಡೊಂಕಾಗಿ ಹೃದಯ ಬಡಿಯುತ್ತಿರುವ ಮರಿಯೂ ಆ ಲೆಕ್ಕದಲ್ಲಿ ಜೀವಂತ. ಹಳ್ಳದಲ್ಲಿ ಅಂಥ ಮರಿ ಎಷ್ಟು ದಿನ ಬಾಳೀತು? ಹಳದಿ ಮೂರ್ನಾಲ್ಕು ದಿನಕ್ಕೆ ಖಾಲಿ. ಆಮೇಲೆ ಅದು ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನಬೇಕು. ಡ್ಯಾಫ್ನಿಯಾದಂಥ ಆ ಜೀವಿಗಳೋ, ಮೀನಿಗೆ ಏನೂ ಆಗದಷ್ಟು ಕಡಿಮೆ ಕ್ಲೋರ್‌ಪೈರಿಫಾಸ್‌ಗೇ ಸಾಯುತ್ತವೆ. ವಿಷದಿಂದ ಉಳಿದದ್ದು ಹಸಿವಿನಿಂದ ಹೋಗುತ್ತದೆ.

ಗದ್ದೆಯ ಲೆಕ್ಕ ಹಾಕೋಣ. ಎಕರೆಗೆ 100 ಮಿಲಿ ಲ್ಯಾಂಬ್ಡಾ ಸೈಹಾಲೋಥ್ರಿನ್ 5 ಇಸಿ (ಶೇಕಡಾ 5 ವಿಷವಿರುವ ದ್ರಾವಣ) ಅಂದರೆ 5 ಗ್ರಾಂ ವಿಷ. ಎಕರೆಯಲ್ಲಿ 5 ಸೆಂಟಿಮೀಟರ್ ನೀರು ನಿಂತರೆ ಸುಮಾರು 2 ಲಕ್ಷ ಲೀಟರ್. ಎಲ್ಲವೂ ನೀರಿಗೆ ಬಿದ್ದರೆ ಲೀಟರಿಗೆ 25 ಮೈಕ್ರೋಗ್ರಾಂ. ಹಲವು ಜಾತಿಯ ಮೀನುಗಳಲ್ಲಿ ಅರ್ಧಕ್ಕರ್ಧ ಸಾಯಲು ಲೀಟರಿಗೆ 1 ಮೈಕ್ರೋಗ್ರಾಂ ಕೂಡ ಬೇಕಿಲ್ಲ. ಎಲ್ಲವೂ ನೀರಿಗೆ ಬೀಳುವುದಿಲ್ಲ, ನಿಜ. ಬಿದ್ದದ್ದರಲ್ಲೂ ಬಹುಪಾಲು ಬೇಗ ಕೆಸರಿಗೆ ಅಂಟಿಕೊಳ್ಳುತ್ತದೆ. ಆದರೆ ಮೊಟ್ಟೆಗೆ ಇರುವುದೇ ಒಂದು ದಿನ.

ಔಷಧಿ ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಬೇರುಹುಳ ತೋಟ ಕೆಡವುವುದನ್ನು ಕಂಡವರಿಗೆ ಹಾಗೆ ಹೇಳಲು ಬಾಯಿ ಬಾರದು. ನಾನು ಕೇಳುವುದು ಮೊದಲ ದೊಡ್ಡ ಮಳೆಯಿಂದ ಮೂರು ವಾರ. ಮರಿ ಇಂಚಿನ ಹತ್ತಿರ ಬೆಳೆಯಲು 15ರಿಂದ 20 ದಿನ ಬೇಕು, ಅದಕ್ಕೆ ಮೂರು ವಾರ. ಆ ದಿನಗಳಲ್ಲಿ ಮುಸ್ಸಂಜೆಗೆ ಮಣ್ಣಿನಿಂದೇಳುವ ದುಂಬಿಗಳನ್ನು (ಬೇರುಹುಳ ಇವುಗಳದೇ ಮರಿ) ಕೈಯಲ್ಲಿ ಹಿಡಿದು ಸೋಪು ನೀರಿಗೆ ಹಾಕಿ. ಒಂದು ಹೆಣ್ಣು ದುಂಬಿ ಹೋದರೆ ಅದರ ಮೊಟ್ಟೆಗಳೂ ಹೋದ ಹಾಗೆ. ಇದನ್ನು ಊರಿನವರೆಲ್ಲ ಒಟ್ಟಿಗೆ ಮಾಡಬೇಕು, ಒಂದೇ ತೋಟದಲ್ಲಿ ಹಿಡಿದರೆ ಪಕ್ಕದ ತೋಟದಿಂದ ಬರುತ್ತವೆ. ಔಷಧಿ ಬೇಕೇ ಆದರೆ ಸೆಪ್ಟೆಂಬರಿನಲ್ಲಿ, ಮಳೆ ಹೊಳವಾದಾಗ, ಹುಳ ಬಿದ್ದ ಮರಗಳ ಬುಡಕ್ಕೆ ಮಾತ್ರ. ಆಗ ಆ ವರ್ಷದ ಹುಳ ಚಿಕ್ಕದಿರುತ್ತದೆ, ಮೇಲ್ಮಣ್ಣಿನಲ್ಲೇ ಇರುತ್ತದೆ, ಔಷಧಿಗೂ ಸಿಗುತ್ತದೆ. ಹಳ್ಳದಂಚಿನ ಸಾಲನ್ನು ಆಗಲೂ ಬಿಟ್ಟುಬಿಡಿ.

ಭತ್ತಕ್ಕೆ ಇನ್ನೂ ಸುಲಭ. ನಾಟಿಯಾದ ಮೊದಲ 40 ದಿನ ಎಲೆ ತಿನ್ನುವ ಹುಳಕ್ಕೆ ಸಾಮಾನ್ಯವಾಗಿ ಔಷಧಿ ಬೇಡ, ಗಿಡ ಚಿಗುರಿ ತುಂಬಿಕೊಳ್ಳುತ್ತದೆ. ಎಲೆಯ ತುಂಡನ್ನೇ ಕೊಳವೆ ಮಾಡಿಕೊಂಡು ಒಳಗಿರುವ ಕೊಳವೆ ಹುಳ ನೀರಿಲ್ಲದೆ ಬದುಕದು. ಸಸಿಗಳ ಮೇಲೆ ಹಗ್ಗ ಎಳೆದು ಕೊಳವೆಗಳನ್ನು ಕೆಡವಿ, ಬದುವಿನ ಕಂಡಿಗೆ ಬಲೆ ಕಟ್ಟಿ ನೀರು ಬಸಿದು, ಎರಡು ಮೂರು ದಿನ ಗದ್ದೆ ಒಣಗಿಸಿ. ಕೆಲವರು ಮಾಡುವ ಹಾಗೆ ಹಗ್ಗಕ್ಕೆ ಸೀಮೆಎಣ್ಣೆ ಹಚ್ಚುವುದು ಬೇಡ, ಅದೂ ನೀರಿಗೇ ಇಳಿಯುತ್ತದೆ. ಮುಂದೆ ಸಿಂಪಡಿಸಲೇಬೇಕಾದರೆ ಹಿಂದಿನ ದಿನ ನೀರನ್ನು ಒಂದು ಬೆರಳಿಗೆ ಇಳಿಸಿ, ಕಂಡಿ ಕಟ್ಟಿ, ಒಂದು ವಾರ ನೀರು ಹೊರಬಿಡಬೇಡಿ. ನೀರು ಇಳಿಸುವುದು ಮಳೆ ಬಂದರೆ ಬದು ತುಂಬಿ ಹರಿಯದಿರಲಿ ಅಂತ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಆ ದಿನ ಕೈ ಹಾಕಲೇಬೇಡಿ. ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನೂ ಪಂಪಿಗೇ ಹಾಕಿ ಅದೇ ಗದ್ದೆಗೆ ಹೊಡೆಯಿರಿ. ಪಂಪನ್ನು ತೊಳೆಯುವುದೂ ಗದ್ದೆಯಲ್ಲೇ ಆಗಲಿ, ಹಳ್ಳದಲ್ಲಿ ಅಲ್ಲ.